‘ಮಾನೋ’: ನಾನೂ ಒಂದು ಕೈ ನೋಡಿದೆ

ಮಾನ್ಯ ಸಂಪಾದಕರೇ,

ಹೊರದೇಶಕ್ಕೆ ಓದಲು ಹೋಗುವ ಮಕ್ಕಳಿಗೆ ಅಂತ ನಿಮ್ಮ ಪುರವಣಿಯಲ್ಲಿ ವಾರಕ್ಕೊಂದು ಚೌಕ ಬರುತ್ತಿದೆಯಲ್ಲ, ಒಂದು ಭಾಷೆಯ ಇಪ್ಪತ್ತು ಪದ, ಎದುರಿಗೆ ಕನ್ನಡ ಅರ್ಥ. ಒಳ್ಳೇ ಕೆಲಸ, ಬೇಡ ಅನ್ನುವುದಿಲ್ಲ. ಈ ಸಲ ಇಟಾಲಿಯನ್ ಸರದಿ ಬಂದಿದೆ. ಹನ್ನೊಂದನೇ ಸಾಲಿನಲ್ಲಿ ‘ಇಲ್ ಮಾನೋ – ಕೈ’ ಅಂತ ಅಚ್ಚಾಗಿದೆ. ಅದನ್ನು ಓದಿ ಕಾಫಿ ಲೋಟ ಕೆಳಗಿಟ್ಟೆ. ಆ ಒಂದು ಸಾಲಿನ ಬಗ್ಗೆ ಇಷ್ಟುದ್ದದ ಪತ್ರವಾ ಅಂತ ನೀವು ನಗಬಹುದು. ನಗಿ ಪರವಾಗಿಲ್ಲ, ಆದರೆ ಪೂರ್ತಿ ಓದಿ.

ಮೊದಲು ನನ್ನ ಬಗ್ಗೆ ಎರಡು ಮಾತು. ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಬಣ್ಣದ ಅಂಗಡಿ ನಡೆಸಿದವನು ನಾನು. ಓದಿದ್ದು ಪಿಯುಸಿವರೆಗೆ. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ಮಗಳು ಇಟಲಿಯ ಟ್ಯೂರಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಯವರು ಅದನ್ನು ತೊರಿನೋ ಅನ್ನುತ್ತಾರೆ. ಎರಡು ಸಲ ಹೋಗಿ ಬಂದೆ, ಸಲಕ್ಕೆ 90 ದಿನ. ವೀಸಾ ಕೊಡುವುದೇ ಅಷ್ಟು. ಮಗಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ನಾನು ಸುಮ್ನೆ ಮನೆಯಲ್ಲಿ ಕೂರುವ ಜಾತಿಯಲ್ಲ. ಬೀದಿ ತಿರುಗಿದೆ, ಮಾತು ಕೇಳಿದೆ, ತಪ್ಪು ಮಾತಾಡಿ ನಗಿಸಿದೆ. ಹಾಗೆ ನೂರೆಂಬತ್ತು ದಿನದಲ್ಲಿ ನೆಟ್ಟಗೆ ಕಲಿತದ್ದು ಒಂದೇ ಪದ. ಅದೇ ನಿಮ್ಮ ಹನ್ನೊಂದನೇ ಸಾಲಿನದು.

ಮೊದಲು ಸಣ್ಣ ತಪ್ಪು ಮುಗಿಸಿಬಿಡುತ್ತೇನೆ. ಅದು ‘ಇಲ್ ಮಾನೋ’ ಅಲ್ಲ, ‘ಲಾ ಮಾನೋ’. ಇಟಾಲಿಯನ್‌ನಲ್ಲಿ ಪ್ರತಿ ನಾಮಪದವೂ ಗಂಡು ಇಲ್ಲವೇ ಹೆಣ್ಣು. ಗಂಡಿಗೆ ಮುಂದೆ ಹೆಚ್ಚಾಗಿ ‘ಇಲ್’ ಸೇರುತ್ತದೆ, ಹೆಣ್ಣಿಗೆ ‘ಲಾ’. ನಮ್ಮ ಹಾಗೆ ‘ಅದು’ ಅಂತ ಬದಿಗಿಡಲು ಜಾಗವೇ ಇಲ್ಲ. ಸಾಮಾನ್ಯವಾಗಿ ‘ಓ’ದಲ್ಲಿ ಮುಗಿದರೆ ಗಂಡು, ‘ಆ’ದಲ್ಲಿ ಮುಗಿದರೆ ಹೆಣ್ಣು. ಪುಸ್ತಕ ಗಂಡು, ಮನೆ ಹೆಣ್ಣು. ಹಿಂದಿಯಲ್ಲಿ ಇದೇ ಕಾಟ ತಿಂದ ನಮಗೆ ಇದೇನೂ ಹೊಸದಲ್ಲ ಬಿಡಿ. ಆದರೆ ಕೈ ಮಾತ್ರ ‘ಓ’ದಲ್ಲಿ ಮುಗಿದೂ ಹೆಣ್ಣು. ಬಹುವಚನ ‘ಲೇ ಮಾನಿ’. ನಮ್ಮ ಕರಾವಳಿಯ ಮಾಣಿಗೂ ಇದಕ್ಕೂ ಸಂಬಂಧವಿಲ್ಲ.

ಯಾಕೆ ಹೀಗೆ ಅಂತ ಮಗಳ ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಕೇಳಿದೆ. ಲ್ಯಾಟಿನ್‌ನಲ್ಲಿ ಕೈಗೆ ‘ಮಾನುಸ್’ ಅಂತಿದ್ದರಂತೆ. ‘ಉಸ್’ ಅಂತ ಮುಗಿಯುವ ಪದ ಅಲ್ಲಿ ಹೆಚ್ಚಾಗಿ ಗಂಡು, ಇದು ಮಾತ್ರ ಇನ್ನು ಕೆಲವು ಪದಗಳ ಹಾಗೆ ಆಗಲೂ ಹೆಣ್ಣು. ಅಂದರೆ ಸೀಸರನ ಕಾಲದಿಂದಲೂ ಈ ಪದ ನಿಯಮಕ್ಕೆ ತಲೆ ಬಾಗಿಸಿಲ್ಲ. ರೇಡಿಯೋ, ಫೋಟೋ, ಮೋಟೋ (ಬೈಕು), ಆಟೋ (ಅಲ್ಲಿ ಕಾರು) ಕೂಡ ‘ಓ’ದಲ್ಲಿ ಮುಗಿಯುವ ಹೆಣ್ಣುಪದಗಳೇ, ಆದರೆ ಅವು ಉದ್ದ ಪದಗಳ ಬಾಲ ಕತ್ತರಿಸಿ ಮಾಡಿದವು. ಒಂದಿದ್ದರೂ ಫೋಟೋ, ಹತ್ತಿದ್ದರೂ ಫೋಟೋ. ಮಾನೋ ಮಾತ್ರ ಮಾನಿ ಆಗುತ್ತದೆ. ಬೆರಳಿನ ಕಥೆ ಇನ್ನೂ ತಮಾಷೆ. ಒಂದು ಬೆರಳು ‘ಇಲ್ ದೀತೋ’, ಗಂಡು. ಎರಡಾದ ಕೂಡಲೇ ‘ಲೇ ದೀತಾ’, ಹೆಣ್ಣು! ತೋಳು, ಮಂಡಿ, ತುಟಿ ಎಲ್ಲದಕ್ಕೂ ಇದೇ ಹಣೆಬರಹ. ಇದನ್ನು ಕೇಳಿದ ದಿನ ನಾನು ವ್ಯಾಕರಣಕ್ಕೆ ಕೈಮುಗಿದು ಎದ್ದು ಬಂದೆ.

ಇನ್ನು ದೊಡ್ಡ ವಿಷಯ. ‘ಮಾನೋ – ಕೈ’ ಅನ್ನುವುದು ಸುಳ್ಳಲ್ಲ. ಆದರೆ ಅಷ್ಟೇ ಕಲಿತು ಹೋದ ಮಗು ಮೊದಲ ವಾರದಲ್ಲೇ ಪೇಚಿಗೆ ಬೀಳುತ್ತದೆ. ನಾನು ಬಿದ್ದಿದ್ದೇನಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲ ಸಲ ಹೋದಾಗ, ನಾಲ್ಕನೇ ದಿನವೋ ಐದನೇ ದಿನವೋ. ಮಗಳ ಮನೆಯ ಕೆಳಗೆ ದೊಡ್ಡ ಮರದ ಬಾಗಿಲು. ಎಪ್ಪತ್ತೈದು ದಾಟಿದ ಒಬ್ಬ ಅಜ್ಜಿ ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿದ್ದರು. ಒಂದರಲ್ಲಿ ಆರು ನೀರಿನ ಬಾಟಲಿಯ ಕಟ್ಟು. ನನ್ನನ್ನು ನೋಡಿ, ‘ಮಿ ದಾ ಉನಾ ಮಾನೋ?’ ಅಂದರು. ದಾ ಅಂದರೆ ಕೊಡು, ಮಾನೋ ಅಂದರೆ ಕೈ. ಇಷ್ಟು ಗೊತ್ತಿತ್ತು. ಹೊಸಬನನ್ನು ಮಾತಾಡಿಸುತ್ತಿದ್ದಾರೆ, ಎಂಥ ಒಳ್ಳೇ ಜನ ಅಂದುಕೊಂಡೆ. ಅವರ ಒಂದು ಕೈಯಿಂದ ಚೀಲ ಬಿಡಿಸಿ ಕೆಳಗಿಟ್ಟು, ಆ ಕೈ ಹಿಡಿದು ಚೆನ್ನಾಗಿ ಕುಲುಕಿದೆ. ಅಜ್ಜಿ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ನಗುತ್ತಲೇ ಗದ್ದದಿಂದ ಬಾಗಿಲು ತೋರಿಸಿದರು. ಅವರಿಗೆ ಬೇಕಾಗಿದ್ದು ಬಾಗಿಲು ತಳ್ಳುವವರು.

‘ದಾರೆ ಉನಾ ಮಾನೋ’, ಒಂದು ಕೈ ಕೊಡು ಅಂದರೆ ಸಹಾಯ ಮಾಡು. ‘ದಾರೆ ಲಾ ಮಾನೋ’ ಅಂದರೆ ಕೈ ಕುಲುಕು, ಇಲ್ಲವೇ ರಸ್ತೆ ದಾಟುವಾಗ ಮಗು ಅಪ್ಪನ ಕೈ ಹಿಡಿಯುತ್ತದಲ್ಲ, ಅದು. ನಡುವಿನ ಪುಟಾಣಿ ಪದ ‘ಉನಾ’ ಇದ್ದರೆ ಒಂದು ಅರ್ಥ, ‘ಲಾ’ ಇದ್ದರೆ ಇನ್ನೊಂದು. ಮಗಳು ರಾತ್ರಿ ಇದನ್ನು ಬಿಡಿಸಿ ಹೇಳಿ, ‘ಕನ್ನಡದಲ್ಲಿ ಇಂಥದ್ದು ಇಲ್ಲ ಅಲ್ವಾಪ್ಪಾ, ಅದಕ್ಕೇ ನಮಗೆ ಕಷ್ಟ’ ಅಂದಳು. ಇಲ್ಲ ಅಂತ ಯಾರು ಹೇಳಿದರು? ಅದೇ ರಾತ್ರಿ ಹೆಂಡತಿಗೆ ಫೋನ್ ಮಾಡಿ, ‘ಇವತ್ತು ಕೆಳಗಿನ ಮನೆ ಅಜ್ಜಿಗೆ ಕೈ ಕೊಟ್ಟೆ ಕಣೇ’ ಅಂದೆ. ಆ ಕಡೆಯಿಂದ, ‘ಅಯ್ಯೋ, ಪಾಪದ ಮುದುಕಿಗೆ ಏನು ಮೋಸ ಮಾಡಿದ್ರಿ?’ ಅಂತ ಗಾಬರಿ. ನಮ್ಮಲ್ಲಿ ಕೈ ಕೊಟ್ಟ ಅಂದರೆ ನಡುನೀರಿನಲ್ಲಿ ಬಿಟ್ಟ. ಅದೇ ನಮ್ಮ ಅಂಗಡಿಗೆ ಲಾರಿ ಬಂದಾಗ ಹಮಾಲಿ ಇಪ್ಪತ್ತು ಲೀಟರಿನ ಡಬ್ಬ ಎತ್ತುತ್ತಾ ‘ಒಂದು ಕೈ ಕೊಡಣ್ಣ’ ಅಂದರೆ? ಸಹಾಯ ಮಾಡು ಅಂತ. ಆ ‘ಒಂದು’ ಮಾಡುವ ಕೆಲಸವೂ ಇಟಾಲಿಯನ್‌ನ ‘ಉನಾ’ ಮಾಡುವ ಕೆಲಸವೂ ಒಂದೇ ಅಲ್ವಾ? ಮಗಳು ಎಂಜಿನಿಯರ್. ಇದಕ್ಕೆ ಮಾತ್ರ ಅವಳ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ಸಲ ಹೋದಾಗ ಅವಳು ಮನೆ ಬದಲಾಯಿಸುತ್ತಿದ್ದಳು. ಬಿಡುವ ಮನೆಗೆ ಬಿಳಿ ಬಣ್ಣ ಹೊಡೆಸಿ ಕೊಡಬೇಕಾಗಿತ್ತು. ಅಲ್ಲಿ ಬಣ್ಣದವನಿಗೆ ‘ಇಂಬಿಯಾಂಕೀನೋ’ ಅನ್ನುತ್ತಾರೆ. ಬಿಯಾಂಕೋ ಅಂದರೆ ಬಿಳಿ, ಅದನ್ನು ಬಳಿಯುವವನು ಅಂತ. ಅವನು ಬಂದು ಗೋಡೆ ಅಳೆದು ಒಂದು ಚೀಟಿ ಕಳಿಸಿದ. ಅದರಲ್ಲಿ ‘ದೂಎ ಮಾನಿ ದಿ ಬಿಯಾಂಕೋ’ ಅಂತಿತ್ತು. ಮಗಳು ಫೋನಿಗೆ ತೋರಿಸಿದಳು. ಫೋನು ‘ಬಿಳಿಯ ಎರಡು ಕೈಗಳು’ ಅಂತ ಅನುವಾದ ಮಾಡಿತು. ‘ಇದೇನಪ್ಪಾ, ಎರಡು ಬಿಳಿ ಕೈ? ಒಬ್ಬನೇ ಬರ್ತಾನೆ ಅಂತಾನಾ?’ ಅಂದಳು.

ಸಂಪಾದಕರೇ, ಅವತ್ತು ನನಗೆ ಆದ ಖುಷಿ ಹೇಳಲಾರೆ. ನಮ್ಮ ಅಂಗಡಿಗೆ ಬರುತ್ತಿದ್ದ ಹಳೇ ಮೇಸ್ತ್ರಿಗಳು ಕೋಟ್ ಅನ್ನುತ್ತಲೇ ಇರಲಿಲ್ಲ. ‘ಸುಣ್ಣ ಆದ್ರೆ ಮೂರು ಕೈ ಬೇಕು ಸಾವ್ಕಾರ್ರೇ, ಡಿಸ್ಟೆಂಪರ್ ಎರಡು ಕೈ ಸಾಕು’ ಅನ್ನುತ್ತಿದ್ದರು. ಈಗಿನ ಹುಡುಗರು ಫಸ್ಟ್ ಕೋಟ್, ಸೆಕೆಂಡ್ ಕೋಟ್ ಅನ್ನುತ್ತಾರೆ. ‘ಎರಡು ಕೈ ಅಂದ್ರೆ ಎರಡು ಸಲ ಬಳಿಯೋದು ಕಣಮ್ಮ’ ಅಂದೆ. ಬಣ್ಣದವನು ಬಂದಾಗ ಕೇಳಿದರೆ ಅದೇ ಸರಿ. ‘ಲಾ ಪ್ರೀಮಾ ಮಾನೋ’, ಮೊದಲ ಕೈ, ನೀರು ಜಾಸ್ತಿ ಹಾಕಿ ತೆಳ್ಳಗೆ. ಅದು ಒಣಗಬೇಕು. ಆಮೇಲೆ ‘ಲಾ ಸೆಕೊಂದಾ ಮಾನೋ’. ಒಣಗುವ ಮುಂಚೆ ಎರಡನೇ ಕೈ ಹೊಡೆದರೆ ಮೊದಲನೆಯದು ಕಿತ್ತುಕೊಂಡು ಬರುತ್ತದೆ. ಇದನ್ನು ನಾನು ಕೈಸನ್ನೆಯಲ್ಲಿ ಹೇಳಿದೆ, ಅವನು ಹೌದು ಹೌದು ಅಂತ ತಲೆಯಾಡಿಸಿದ. ನನಗೂ ಅವನಿಗೂ ಮಧ್ಯೆ ಹತ್ತು ಪದ ಇರಲಿಲ್ಲ. ಆದರೂ ಅರ್ಧ ಗಂಟೆ ಅಂಟು, ಪುಟ್ಟಿ, ತೇವ ಅಂತ ಗೋಡೆ ಮುಟ್ಟಿ ಮುಟ್ಟಿ ಮಾತಾಡಿದೆವು.

ಈ ಗೆಲುವು ತಲೆಗೇರಿತು. ಮನೆ ಹತ್ತಿರ ಒಂದು ಬೊಚ್ಚೋಫಿಲಾ ಇದೆ. ಭಾರದ ಗುಂಡನ್ನು ಸಣ್ಣ ಗುಂಡಿನ ಹತ್ತಿರ ಎಸೆಯುವ ಬೊಚ್ಚೆ ಆಟದ ಸಂಘ. ಹೊರಗೆ ಆಟದ ಅಂಗಳ, ಒಳಗೆ ಇಸ್ಪೀಟಿನ ಮೇಜು, ಕಾಫಿ, ವೈನು. ಬರುವವರು ಹೆಚ್ಚಾಗಿ ನನ್ನ ವಯಸ್ಸಿನವರು, ನನಗಿಂತ ದೊಡ್ಡವರು. ಪಕ್ಕದ ಮನೆ ಮೇಷ್ಟ್ರೇ ನನ್ನನ್ನು ಕರೆದುಕೊಂಡು ಹೋದದ್ದು. ಊರಲ್ಲಿ ಏನು ಕೆಲಸ ಅಂತ ಯಾರೋ ಕೇಳಿದರು. ಬಣ್ಣ ಮಾರುತ್ತೇನೆ, ಎರಡನೇ ಕೈ ಹೊಡೆಯುವ ಒಳ್ಳೇ ಬಣ್ಣ ಅಂತ ಹೇಳಲು ಹೋಗಿ ‘ಕೊಲೋರೇ ದಿ ಸೆಕೊಂದಾ ಮಾನೋ’ ಅಂದೆ. ಮೇಜಿನ ಸುತ್ತ ಒಂದು ಕ್ಷಣ ಮೌನ. ಆಮೇಲೆ ನಗು. ಕನ್ನಡಕದ ಮುದುಕರೊಬ್ಬರು ಗೋಡೆಯಿಂದ ಬಣ್ಣ ಕೆರೆದು ಡಬ್ಬಕ್ಕೆ ತುಂಬುವ ಹಾಗೆ ನಟಿಸಿ ತೋರಿಸಿದರು. ‘ಸೆಕೊಂದಾ ಮಾನೋ’ ಎರಡನೇ ಕೈ ಬಣ್ಣ. ಮುಂದೆ ಒಂದು ‘ದಿ’ ಸೇರಿಸಿದರೆ ಒಬ್ಬರು ಬಳಸಿ ಬಿಟ್ಟ ಮಾಲು! ನಾವು ಸೆಕೆಂಡ್ ಹ್ಯಾಂಡ್ ಅಂತೀವಲ್ಲ, ಅದು. ಅವತ್ತಿನಿಂದ ಆ ಸಂಘದಲ್ಲಿ ನಾನು ಹಳೇ ಬಣ್ಣ ಮಾರುವ ಇಂಡಿಯಾದವನು.

ಆ ಮೇಜೇ ನನ್ನ ಶಾಲೆ ಆಯಿತು. ಅಲ್ಲಿ ಸ್ಕೋಪಾ ಅಂತ ಆಡುತ್ತಾರೆ, 40 ಎಲೆಯ ಆಟ. ಒಂದು ಸುತ್ತಿಗೆ ‘ಉನಾ ಮಾನೋ’. ಮೊದಲು ಎಲೆ ಇಳಿಸುವವನು ‘ದಿ ಮಾನೋ’. ಎಲೆ ಹಂಚಿದವನ ಬಲಗಡೆ ಕೂತವನಿಗೆ ಆ ಸರದಿ, ಆಟ ಬಲಕ್ಕೇ ಸಾಗುತ್ತದೆ. ‘ಕೀ ಎ ದಿ ಮಾನೋ?’, ಯಾರ ಕೈ ಈಗ, ಅಂತ ಸಂಜೆಗೆ ಐವತ್ತು ಸಲ ಕೇಳಿದ್ದೇನೆ. ನಮ್ಮಲ್ಲೂ ಇಸ್ಪೀಟಿಗೆ ಕೂತು ‘ಒಂದು ಕೈ ಕಮ್ಮಿ ಇದೆ, ಬಾರೋ’ ಅಂತ ಕರೆಯುತ್ತೇವಲ್ಲ. ನಾನು ಮೊದಲೆರಡು ವಾರ ಬರೀ ಸೋತೆ. ಮೂರನೇ ವಾರ ಒಂದು ಸುತ್ತು ಗೆದ್ದಾಗ ಕನ್ನಡಕದವರು ‘ಚಿ ಸ್ತಾಯಿ ಪ್ರೆಂದೆಂದೋ ಲಾ ಮಾನೋ’ ಅಂದರು. ಕೈ ಹಿಡಿಯುತ್ತಿದ್ದೀಯ ಅಂತಲೇ ಅರ್ಥ ಮಾಡಿಕೊಂಡೆ. ಮೇಷ್ಟ್ರು ಎಲೆ ಕೆಳಗಿಟ್ಟು, ಬಡಗಿ ಹತ್ತರಿ ಹಿಡಿದು ಉಜ್ಜುವ ಹಾಗೆ ಅಭಿನಯ ಮಾಡಿದರು. ಮೊದಲು ಅಡ್ಡಾದಿಡ್ಡಿ, ಆಮೇಲೆ ಸಲೀಸು. ಓಹೋ, ಕೈ ಪಳಗುತ್ತಿದೆ ಅಂತ! ಕೈ ಕುದುರಿದೆ ಅನ್ನುತ್ತೇವಲ್ಲ, ಅದೇ. ಬಿಟ್ಟು ಬಹಳ ದಿನ ಆಗಿ ಮರೆತರೆ ಅವರು ‘ಕೈ ಕಳೆದುಕೊಂಡ’ ಅನ್ನುತ್ತಾರೆ.

ನಾನು ಅಂಗಡಿಯ ಹಳೇ ಆರ್ಡರ್ ಪುಸ್ತಕ ಒಂದನ್ನು ಜೊತೆಗೆ ಒಯ್ದಿದ್ದೆ. ಎಡಗಡೆ ಕೇಳಿದ ಮಾತು, ಯಾರು ಯಾವಾಗ ಅಂದರು ಅಂತ. ಬಲಗಡೆ ನಮ್ಮ ಕನ್ನಡದ ಮಾತು. ಬರುವ ಹೊತ್ತಿಗೆ ನಲವತ್ತೇಳು ಸಾಲು ತುಂಬಿತ್ತು, ಎಲ್ಲವೂ ಮಾನೋದ್ದೇ. ಕೆಲವಕ್ಕೆ ಬಲಗಡೆ ಬರೆಯುವುದು ಬಹಳ ಸುಲಭ. ಬರಿಗೈಲಿ ಬಂದ ಅನ್ನುವುದಕ್ಕೆ ಅವರೂ ‘ಆ ಮಾನಿ ವುವೋತೆ’ ಅನ್ನುತ್ತಾರೆ, ಖಾಲಿ ಕೈಯಲ್ಲಿ ಅಂತ. ಹೊಡೆದಾಟಕ್ಕೆ ಇಳಿದರೆ ‘ಕೈಗಳಿಗೆ ಬಂದರು’, ನಮ್ಮ ಕೈ ಕೈ ಮಿಲಾಯಿಸಿದರು. ಕೈಮೀರಿ ಹೋದದ್ದು ಅವರಿಗೂ ಕೈಯಿಂದ ಜಾರಿ ಹೋದದ್ದು. ಕೈ ಉದ್ದ ಅಂದರೆ ಅಲ್ಲೂ ಕಳ್ಳಗೈ. ಕೆಲಸವಿಲ್ಲದೆ ಕೂತವನು ನಮ್ಮಲ್ಲಿ ಕೈ ಕಟ್ಟಿ ಕೂರುತ್ತಾನೆ, ಅಲ್ಲಿ ‘ಕೋನ್ ಲೇ ಮಾನಿ ಇನ್ ಮಾನೋ’, ಕೈಯಲ್ಲಿ ಕೈಗಳನ್ನಿಟ್ಟುಕೊಂಡು. ಹೆಣ್ಣು ಕೇಳಲು ಹೋಗುವುದು ಅಂದರೆ ಅವಳ ‘ಕೈ ಕೇಳುವುದು’. ನಾವು ಕೈ ಹಿಡಿಯುವುದು ಅನ್ನುತ್ತೇವೆ.

ಇನ್ನು ಕೆಲವು ತಲೆ ತಿನ್ನುತ್ತವೆ. ಖರ್ಚಿನ ಮನುಷ್ಯನಿಗೆ ‘ಮಾನಿ ಬುಕಾತೆ’, ತೂತು ಬಿದ್ದ ಕೈಗಳವನು. ನೋಡಿದ ಕೂಡಲೇ ನನ್ನ ತಮ್ಮ ನೆನಪಾದ. ಅದೇ ಜಿಪುಣನಿಗೆ ಕೈ ಬಿಗಿ ಅನ್ನುವುದಿಲ್ಲ, ಅವನ ತೋಳು ಗಿಡ್ಡ ಅನ್ನುತ್ತಾರೆ. ಜೇಬಿನ ತಳಕ್ಕೆ ಮುಟ್ಟುವುದಿಲ್ಲ ಅಂತ ಇರಬೇಕು! ಊರಿಂದ ದೂರದ, ದಾರಿಗೆ ಸಿಗದ ಜಾಗ ‘ಫುವೋರಿ ಮಾನೋ’, ಕೈಯಾಚೆ. ಮಗಳಿಗೆ ಮನೆ ಹುಡುಕುವಾಗ ಬಾಡಿಗೆ ಕಡಿಮೆ ಇದ್ದದ್ದೆಲ್ಲ ಫುವೋರಿ ಮಾನೋನೇ. ಒಬ್ಬನ ಬಗ್ಗೆ ಪೂರ್ತಿ ಭರವಸೆ ಇದ್ದರೆ ‘ಬೆಂಕಿ ಮೇಲೆ ಕೈ ಇಡುತ್ತೇನೆ’ ಅನ್ನುತ್ತಾರೆ. ನಾವು ತಲೆ ಮೇಲೆ ಕೈ ಇಟ್ಟೋ ದೀಪ ಮುಟ್ಟಿಯೋ ಆಣೆ ಮಾಡುತ್ತೇವಲ್ಲ, ಹಾಗೆ. ಈ ಮಾತು ಬಂದಾಗೆಲ್ಲ ಅವರಿಗೆ ಮೂತ್ಸಿಯೋ ಶೆವೋಲಾ ನೆನಪಾಗುತ್ತಾನೆ. ರೋಮ್ ನಗರಕ್ಕೆ ಮುತ್ತಿಗೆ ಹಾಕಿದ್ದ ಪೊರ್ಸೆನ್ನಾ ದೊರೆಯನ್ನು ಕೊಲ್ಲಲು ಹೋಗಿ, ತಪ್ಪಿ ಬೇರೆಯವನನ್ನು ಕೊಂದು, ಆ ತಪ್ಪು ಮಾಡಿದ ಬಲಗೈಯನ್ನು ದೊರೆಯ ಎದುರೇ ಬೆಂಕಿಯಲ್ಲಿ ಸುಟ್ಟುಕೊಂಡವನ ಕಥೆ. ಶೆವೋಲಾ ಅನ್ನುವ ಹೆಸರು ಎಡಗೈಯವನು ಅಂತ ಆಮೇಲೆ ಬಂದದ್ದಂತೆ.

ನನಗೆ ಬೀದಿಯಲ್ಲಿ ಕಲಿಸಿದ ಒಂದು ಮಾತೂ ಇದೆ. ಪೋ ನದಿಯ ದಂಡೆಗೆ ವಾಲೆಂತೀನೋ ಅಂತ ದೊಡ್ಡ ಉದ್ಯಾನ. ಅದರ ಪಕ್ಕದ ಸೈಕಲ್ ದಾರಿಯಲ್ಲಿ ನಾನು ಮಗಳ ಸೈಕಲ್ ತೆಗೆದುಕೊಂಡು ನಮ್ಮೂರಿನ ಹಾಗೆ ಎಡಕ್ಕೆ ಹೋಗುತ್ತಿದ್ದೆ. ಎದುರಿಂದ ಬಂದ ಹುಡುಗಿ ಬ್ರೇಕ್ ಒತ್ತಿ ‘ಕೊಂತ್ರೊಮಾನೋ!’ ಅಂತ ಕೂಗಿದಳು. ಕೈಗೆ ವಿರುದ್ಧ, ಅಂದರೆ ತಪ್ಪು ಕಡೆಯಿಂದ ಬರುತ್ತಿದ್ದೀಯ. ಈ ಪದಕ್ಕೆ ನನಗೆ ಅನುವಾದ ಬೇಕಾಗಲಿಲ್ಲ, ಅವಳ ಮುಖವೇ ಸಾಕಿತ್ತು.

ಔಷಧದ ಅಂಗಡಿಯಲ್ಲಿ ಆದದ್ದು ಇನ್ನೊಂದು. ಮೊಣಕೈ ನೋವು ಬಂದಿತ್ತು. ‘ಮಾನೋ, ಮಾನೋ’ ಅಂತ ನೋವು ಅಭಿನಯಿಸಿದೆ. ಅಂಗಡಿಯಾಕೆ ನನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿದರು. ನಮಗೆ ಭುಜದಿಂದ ಉಗುರಿನವರೆಗೆ ಎಲ್ಲವೂ ಕೈ. ಕೈ ಮುರಿಯಿತು ಅಂದರೆ ಎಲ್ಲಾದರೂ ಮುರಿದಿರಬಹುದು. ಅವರ ಮಾನೋ ಮಣಿಕಟ್ಟಿಗೆ ಮುಗಿಯಿತು. ಅಲ್ಲಿಂದ ಮೇಲೆ ‘ಬ್ರಾಚ್ಚೋ’. ಅಂದರೆ ನಿಮ್ಮ ಚೌಕದ ‘ಮಾನೋ – ಕೈ’ ಅಳತೆಯಲ್ಲೂ ಸರಿ ಕೂರುವುದಿಲ್ಲ ನೋಡಿ.

ಆದರೆ ಒಂದು ಕಡೆ ನಮ್ಮ ಕನ್ನಡ ಇಂಗ್ಲಿಷಿಗಿಂತ ಒಳ್ಳೇ ಮೆಟ್ಟಿಲು. ಇಂಗ್ಲಿಷಿನಲ್ಲಿ ‘ನನ್ನ ಕೈಗಳನ್ನು ತೊಳೆಯುತ್ತೇನೆ’ ಅನ್ನಬೇಕು. ನಾವು ಹಾಗಂದರೆ ನಗುತ್ತಾರೆ, ನಿನ್ನದಲ್ಲದೆ ಮತ್ತೆ ಯಾರದ್ದು ತೊಳೀತೀಯ ಅಂತ. ನಾವು ಅನ್ನುವುದು ‘ಕೈ ತೊಳ್ಕೊತೀನಿ’. ಇಟಾಲಿಯನ್‌ನಲ್ಲೂ ನನ್ನ ಅನ್ನುವ ಮಾತಿಲ್ಲ. ‘ಮಿ ಲಾವೋ ಲೇ ಮಾನಿ’. ನಮ್ಮ ‘ತೊಳೆದುಕೊಳ್ಳು’ ಅನ್ನುವುದರ ‘ಕೊಳ್ಳು’ ಮಾಡುವ ಕೆಲಸವನ್ನು ಆ ‘ಮಿ’ ಮಾಡುತ್ತದೆ. ಮಗಳು ಇಂಗ್ಲಿಷ್ ಮೂಲಕ ಕಲಿತವಳು, ಇದರಲ್ಲಿ ಆರು ತಿಂಗಳು ತಪ್ಪು ಮಾಡಿದಳಂತೆ. ನನಗೆ ಒಂದೇ ದಿನಕ್ಕೆ ಬಂತು. ಕೈ ತೊಳೆದುಕೊಂಡು ಜವಾಬ್ದಾರಿಯಿಂದ ಜಾರಿಕೊಳ್ಳುವುದೂ ಎರಡು ಕಡೆಯೂ ಇದೆ. ಅಲ್ಲಿ ಅದರ ಜೊತೆ ಪಿಲಾತನ ಹೆಸರೂ ಬರುತ್ತದೆ, ಏಸುವಿನ ವಿಚಾರಣೆಯಲ್ಲಿ ಕೈ ತೊಳೆದುಕೊಂಡನಲ್ಲ, ಅವನದು.

ತೊಳೆದ ಕೈ ಅಂದಾಗ ಬಿಡಲಾಗದ ಇನ್ನೊಂದು ಮಾತು ‘ಮಾನಿ ಪುಲೀತೆ’, ಅಂದರೆ ಶುದ್ಧ ಕೈಗಳು. ಇದನ್ನು ನಿಘಂಟಿನಲ್ಲಿ ನೋಡಿದರೆ ಅರ್ಧ ಅರ್ಥವೂ ಸಿಗುವುದಿಲ್ಲ. ಬೊಚ್ಚೋಫಿಲಾದಲ್ಲಿ ಒಂದು ಸಂಜೆ ಟೀವಿಯಲ್ಲಿ ಯಾವುದೋ ಲಂಚದ ಸುದ್ದಿ ಬಂದಾಗ ಎಲ್ಲರ ಬಾಯಲ್ಲೂ ಈ ಮಾತು. 1992ರ ಫೆಬ್ರವರಿ 17. ಮಿಲಾನೋದಲ್ಲಿ ಪಿಯೋ ಆಲ್ಬೆರ್ಗೋ ತ್ರಿವುಲ್ಸಿಯೋ ಅಂತ ಹಳೆಯ ವೃದ್ಧಾಶ್ರಮ. ಅದರ ಮುಖ್ಯಸ್ಥ ಮಾರಿಯೋ ಕ್ಯೇಸಾ, ಶುಚಿ ಮಾಡುವ ಕೆಲಸದ ಗುತ್ತಿಗೆದಾರನಿಂದ 70 ಲಕ್ಷ ಲೀರಾ ಲಂಚ ತೆಗೆದುಕೊಳ್ಳುವಾಗಲೇ ಸಿಕ್ಕಿಬಿದ್ದ. ಆ ಒಂದು ದಾರ ಎಳೆದದ್ದೇ, ಗಂಟೆಲ್ಲ ಬಿಚ್ಚಿಕೊಂಡು ಬಂತು. ದಶಕಗಳ ಕಾಲ ಆಳಿದ ದೊಡ್ಡ ದೊಡ್ಡ ಪಕ್ಷಗಳು ಎರಡು ಮೂರು ವರ್ಷದಲ್ಲಿ ಹೆಸರಿಲ್ಲದಂತೆ ಹೋದವು. ಆ ತನಿಖೆಯ ಹೆಸರೇ ಮಾನಿ ಪುಲೀತೆ. ಈಗ ಇಟಲಿಯಲ್ಲಿ ಈ ಎರಡು ಪದ ಹೇಳಿದರೆ ಸೋಪು ಯಾರಿಗೂ ನೆನಪಾಗುವುದಿಲ್ಲ. ಮೇಜಿನವರಿಗೆ ನಮ್ಮ ಕಡೆ ಲಂಚ ಕೊಡುವುದನ್ನು ಕೈ ಬೆಚ್ಚಗೆ ಮಾಡುವುದು ಅನ್ನುತ್ತಾರೆ ಅಂತ ಹೇಳಿದೆ. ಎರಡೂ ಅಂಗೈ ಉಜ್ಜಿ, ಬಾಯಿಂದ ಊದಿ ತೋರಿಸಿದೆ. ಅನುವಾದವೇ ಬೇಕಾಗಲಿಲ್ಲ. ‘ಒಂದು ಕೈ ಇನ್ನೊಂದನ್ನು ತೊಳೆಯುತ್ತದೆ’ ಅಂತ ಒಬ್ಬರು ಗಾದೆ ಹೇಳಿದರು. ‘ಎರಡೂ ಸೇರಿ ಮುಖ ತೊಳೆಯುತ್ತವೆ’ ಅಂತ ಇನ್ನೊಬ್ಬರು ಮುಗಿಸಿದರು.

ಒಂದು ಅಡ್ಡ ಮಾತು ಹೇಳಿ ಮುಂದೆ ಹೋಗುತ್ತೇನೆ. ನಾವು ದಿನಕ್ಕೆ ಹತ್ತು ಸಲ ‘ಹೆಂಗೋ ಮ್ಯಾನೇಜ್ ಮಾಡ್ತೀನಿ’ ಅನ್ನುತ್ತೇವಲ್ಲ, ಅದರ ಬೇರೂ ಇದೇ ಮಾನೋ. ‘ಮನೆಜ್ಜಾರೆ’ ಅಂದರೆ ಕೈಯಲ್ಲಿ ಹಿಡಿದು ಆಡಿಸುವುದು, ಕುದುರೆ ಪಳಗಿಸುವುದು. ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಬ್ಯಾಂಕಿಗೆ ಬಂತು. ಇಟಲಿಯಲ್ಲಿ ಕುದುರೆ ಸವಾರಿ ಕಲಿಸುವ ಜಾಗಕ್ಕೆ ಈಗಲೂ ‘ಮನೆಜ್ಜೋ’ ಅನ್ನುತ್ತಾರೆ. ಬ್ಯಾಂಕ್ ಮ್ಯಾನೇಜರಿಗೆ ಇದನ್ನು ಹೇಳಿದೆ, ಅವರು ಅಷ್ಟೇನೂ ನಗಲಿಲ್ಲ.

ನನ್ನ ದೂರು ನಿಮ್ಮ ಚೌಕದ ಮೇಲೆ ಮಾತ್ರ ಅಲ್ಲ. ಹೊರಡುವ ಮುಂಚೆ ಮಗ ನನ್ನ ಫೋನಿಗೆ ಒಂದು ಭಾಷೆ ಕಲಿಸುವ ಆ್ಯಪ್ ಹಾಕಿಕೊಟ್ಟಿದ್ದ. ಅದು ದಿನಾ ಕೈಯ ಚಿತ್ರ ತೋರಿಸಿ ಇದೇನು ಅಂತ ಕೇಳುತ್ತಿತ್ತು. ಮಾನೋ ಅಂತ ಒತ್ತಿದರೆ ಗಂಟೆ ಬಾರಿಸಿ ಶಭಾಷ್ ಅನ್ನುತ್ತಿತ್ತು. ಎರಡು ತಿಂಗಳು ನನಗೆ ಶಭಾಷ್ ಸಿಕ್ಕಿದೆ. ಅದರ ಲೆಕ್ಕದಲ್ಲಿ ನನಗೆ ಆರುನೂರು ಪದ ಬರುತ್ತಿತ್ತು. ಆ ಆರುನೂರು ಪದ ಇಟ್ಟುಕೊಂಡು ಹೋದವನೇ ಅಜ್ಜಿಯ ಕೈ ಕುಲುಕಿದ್ದು. ಬಣ್ಣದ ಭಾಷೆಯಲ್ಲಿ ಹೇಳಬೇಕೆಂದರೆ ನಿಮ್ಮ ಪಟ್ಟಿಯೂ ಆ್ಯಪ್ಪೂ ಮೊದಲ ಕೈ. ನೀರು ಜಾಸ್ತಿ, ಗೋಡೆ ಕಾಣುತ್ತಿರುತ್ತದೆ. ಅದು ಬೇಕು. ಆದರೆ ಅಷ್ಟಕ್ಕೇ ಬಿಟ್ಟು ಕೆಲಸ ಮುಗಿಯಿತು ಅಂದರೆ ನಮ್ಮ ಮೇಸ್ತ್ರಿಗಳು ಒಪ್ಪುತ್ತಿರಲಿಲ್ಲ.

ಹಾಗಾಗಿ ಒಂದು ಕೋರಿಕೆ. ಇಪ್ಪತ್ತು ಪದ ಕೊಡುವ ಜಾಗದಲ್ಲಿ ನಾಲ್ಕೇ ಪದ ಕೊಡಿ. ಪ್ರತಿ ಪದಕ್ಕೂ ನಾಲ್ಕು ವಾಕ್ಯ ಕೊಡಿ, ನಿಜವಾಗಿ ಜನ ಆಡುವಂಥವು. ವಿಮಾನ ನಿಲ್ದಾಣದಲ್ಲಿ ಮೊದಲು ಕಾಣುವುದೇ ‘ಬಗಾಲ್ಯೋ ಆ ಮಾನೋ’, ಕೈಯಲ್ಲಿ ಒಯ್ಯುವ ಚೀಲ. ಮೆಟ್ರೋ ಮೆಟ್ಟಿಲಿನಲ್ಲಿ ‘ಕೊರ್ರಿಮಾನೋ’, ಕೈ ಓಡುವ ಕಂಬಿ. ಬಚ್ಚಲಲ್ಲಿ ‘ಆಶ್ಯುಗಮಾನೋ’, ಕೈ ಒರೆಸುವ ಟವೆಲ್. ಕಾರಿನಲ್ಲಿ ‘ಫ್ರೇನೋ ಆ ಮಾನೋ’, ಹ್ಯಾಂಡ್ ಬ್ರೇಕ್. ಇಷ್ಟು ಕೊಟ್ಟರೂ ಮಗು ಊರು ಸೇರುವ ಮುಂಚೆಯೇ ಪದ ನಾಲ್ಕು ಸಲ ಎದುರಾಗಿ ಮನಸ್ಸಿನಲ್ಲಿ ಕೂರುತ್ತದೆ. ಎದುರಿಗೆ ನಮ್ಮ ಕನ್ನಡದ ಮಾತನ್ನೂ ಇಡಿ. ನಮಗೆ ಕೈಸಾಲ, ಕೈಗುಣ, ಕೈತೋಟ, ಕೈಮರ, ಎತ್ತಿದ ಕೈ ಅಂತ ಇಷ್ಟೊಂದು ಇರುವಾಗ ಇಂಗ್ಲಿಷಿನ ಮೂಲಕ ಸುತ್ತಿ ಹೋಗುವುದು ಯಾಕೆ?

ನನ್ನ ಪುಸ್ತಕದ ನಲವತ್ತೇಳನೇ ಸಾಲು ಹೊರಡುವ ಹಿಂದಿನ ದಿನದ್ದು. ಬೊಚ್ಚೋಫಿಲಾದಲ್ಲಿ ಎಲ್ಲರ ಕೈ ಕುಲುಕಿ ಬರುತ್ತಿದ್ದೆ. ಲಾ ಮಾನೋ, ಈ ಸಲ ಸರಿಯಾಗಿ. ಕನ್ನಡಕದವರು ಬಾಗಿಲವರೆಗೆ ಬಂದು ‘ಸೇಯಿ ಉನೋ ಆಲ್ಲಾ ಮಾನೋ’ ಅಂದರು. ಕೈಗೆ ಅನ್ನುವುದು ಗೊತ್ತಾಯಿತು, ಉಳಿದದ್ದು ಆಗಲಿಲ್ಲ. ಒಳ್ಳೇ ಕೆಲಸಗಾರ ಅಂತ ಇರಬೇಕು ಅಂದುಕೊಂಡು ಬಂದೆ. ಮಗಳು ಹೇಳಿದಳು, ದೊಡ್ಡಸ್ತಿಕೆ ಇಲ್ಲದವನು, ಯಾರು ಬೇಕಾದರೂ ಹತ್ತಿರ ಹೋಗಿ ಮಾತಾಡಿಸಬಹುದಾದವನು ಅಂತ. ಬಲಗಡೆ ಏನು ಬರೆಯಲಿ ಅಂತ ವಿಮಾನದಲ್ಲಿ ಬಹಳ ಯೋಚಿಸಿದೆ. ‘ಕೈಗೆ ಸಿಗುವ ಮನುಷ್ಯ’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೇದು ನಿಮ್ಮ ಓದುಗರಿಗೆ ಹೊಳೆದರೆ ತಿಳಿಸಲಿ, ತಿದ್ದಿಕೊಳ್ಳುತ್ತೇನೆ.

ಮರೆತಿದ್ದೆ. ಮುಂದಿನ ವಾರದ ಪದಗಳು ಅಂತ ಕೊನೆಯಲ್ಲಿ ಕೊಟ್ಟಿರುವುದರಲ್ಲಿ ‘ತೆಂಪೋ’ ಇದೆ. ಅದಕ್ಕೆ ‘ಸಮಯ’ ಅಂತ ಬರೆದು ಬಿಟ್ಟುಬಿಡಬೇಡಿ. ಮಳೆ ಬಿಸಿಲಿನ ಹವೆಗೂ ಅದೇ ಪದ, ವ್ಯಾಕರಣದ ಕಾಲಕ್ಕೂ ಅದೇ, ಫುಟ್‌ಬಾಲ್ ಆಟದ ಅರ್ಧಕ್ಕೂ ಅದೇ. ಅದು ‘ಇಲ್ ತೆಂಪೋ’, ಗಂಡು. ಅಲ್ಲಿ ‘ಲಾ’ ಹಾಕೀರಿ ಮತ್ತೆ.

ಇಂತಿ ನಿಮ್ಮ ಓದುಗ,
ಹಳೇ ಬಣ್ಣದ ಅಂಗಡಿಯವನು, ದಾವಣಗೆರೆ